ಟೆಕ್ಸಾಸ್‌ನಲ್ಲಿ ಹೊಸ ಮನೆ: ಸಹಿ ಹಾಕುವ ಮೊದಲು ಶಾಲೆಯ ಗಡಿ ನೋಡು

ಪ್ರಾಸ್ಪರ್, ಟೆಕ್ಸಾಸ್
ಜನವರಿ 2026

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು. ಅಪ್ಪ, ಅವ್ವನಿಗೆ ನನ್ನ ನಮಸ್ಕಾರ ಹೇಳು.

ಜೂನ್‌ನಲ್ಲಿ ನೀವು ನಾಲ್ವರೂ ಡಲ್ಲಾಸಿಗೆ ಬರುವುದು ಗಟ್ಟಿಯಾಯಿತು ಅಂತ ತಿಳಿದು ಬಹಳ ಸಂತೋಷವಾಯಿತು. ಬಾಡಿಗೆ ಕಟ್ಟುವ ಬದಲು ಒಳ್ಳೆಯ ಶಾಲೆ ಇರುವ ಕಡೆ ಈಗಲೇ ಒಂದು ಹೊಸ ಮನೆ ಬುಕ್ ಮಾಡಿಬಿಡೋಣವೇ ಎಂದು ಕೇಳಿದ್ದೀಯ. ಬೇಡ. ಇಲ್ಲಿ ಕಟ್ಟುತ್ತಿರುವ ಮನೆಗಳಿಗೆ ಕೊರತೆಯಿಲ್ಲ. ಆದರೆ ಬಿಲ್ಡರ್ ಮಾರುವುದು ಮನೆಯನ್ನು ಮಾತ್ರ. ಆ ಮನೆಯ ಮಕ್ಕಳು ಯಾವ ಶಾಲೆಗೆ ಹೋಗಬೇಕು ಅನ್ನುವುದು ಶಾಲಾ ಮಂಡಳಿಯ ಕೈಯಲ್ಲಿದೆ, ನೀನು ಸಹಿ ಹಾಕಿದ ಮೇಲೂ ಅದು ಬದಲಾಗಬಹುದು. ಇದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗದು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ನಿನ್ನಾಕೆಗೂ ಓದಿಸು.

ಮೊದಲು ಎರಡು ಗಡಿಗಳನ್ನು ಬೇರೆ ಮಾಡಿ ನೋಡುವುದನ್ನು ಕಲಿ. ಒಂದು, ಶಾಲಾ ಜಿಲ್ಲೆಯ ಗಡಿ. ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸುವ ಸಂಸ್ಥೆ ಅದು, ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್; ಇಲ್ಲಿ ಎಲ್ಲರೂ ಐಎಸ್‌ಡಿ ಅನ್ನುತ್ತಾರೆ. ಇದು ಊರಿನ ಗಡಿಯಲ್ಲ, ಅಂಚೆ ವಿಳಾಸವೂ ಅಲ್ಲ. ಡಲ್ಲಾಸಿನ ಉತ್ತರಕ್ಕಿರುವ ಫ್ರಿಸ್ಕೋ ಊರಿನೊಳಗೇ ಫ್ರಿಸ್ಕೋ, ಪ್ರಾಸ್ಪರ್, ಲೂಯಿಸ್ವಿಲ್, ಲಿಟಲ್ ಎಲ್ಮ್ ಐಎಸ್‌ಡಿಗಳ ಭಾಗಗಳಿವೆ. ಸೆಲೈನಾ ಊರಿನ ಲೈಟ್ ಫಾರ್ಮ್ಸ್ ಬಡಾವಣೆಯಲ್ಲಿರುವ ಪ್ರಾಥಮಿಕ ಶಾಲೆ ಪ್ರಾಸ್ಪರ್ ಐಎಸ್‌ಡಿಯದು. ಐಎಸ್‌ಡಿಯ ಗಡಿ ಬದಲಾಗುವುದು ತೀರಾ ಅಪರೂಪ. ಎರಡನೆಯದು, ಆ ಐಎಸ್‌ಡಿಯೊಳಗೆ ಒಂದೊಂದು ಶಾಲೆಗೂ ಎಳೆದಿರುವ ವ್ಯಾಪ್ತಿ, ಅಂದರೆ ಝೋನ್. ಬೆಳೆಯುತ್ತಿರುವ ಜಿಲ್ಲೆಯಲ್ಲಿ ಹೊಸ ಶಾಲೆ ತೆರೆದಾಗಲೆಲ್ಲ ಇದನ್ನು ಮತ್ತೆ ಎಳೆಯುತ್ತಾರೆ. ಹಾಗಾಗಿ ನನ್ನ ಸಲಹೆ ಇಷ್ಟು: ಐಎಸ್‌ಡಿಯನ್ನು ನಂಬಿ ಮನೆ ಕೊಳ್ಳು, ಒಂದು ಶಾಲೆಯ ಹೆಸರನ್ನು ನಂಬಿ ಕೊಳ್ಳಬೇಡ. ಅಕ್ಕಪಕ್ಕದ ಎರಡು ಮೂರು ಶಾಲೆಗಳಲ್ಲಿ ಯಾವುದು ಬಂದರೂ ಒಪ್ಪಿಗೆ ಅನ್ನಿಸುವ ಜಾಗವಾದರೆ ಮಾತ್ರ ಮುಂದುವರಿ.

ಐಎಸ್‌ಡಿ ಯಾವುದು ಅಂತ ಖಚಿತಪಡಿಸಿಕೊಳ್ಳಲು ಮಾಡೆಲ್ ಮನೆಯಲ್ಲಿ ಕೊಡುವ ಬಣ್ಣದ ಕಾಗದ ಸಾಲದು. ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ ಅಂದರೆ ತೆರಿಗೆಗಾಗಿ ಆಸ್ತಿಯ ಬೆಲೆ ಕಟ್ಟುವ ಕಚೇರಿ, ಅದರ ವೆಬ್‌ಸೈಟಿನಲ್ಲಿ ಆ ನಿವೇಶನದ ದಾಖಲೆ ತೆಗೆ. ಪ್ರಾಸ್ಪರ್ ಕಡೆ ಕಾಲಿನ್ ಮತ್ತು ಡೆಂಟನ್ ಎರಡೂ ಕೌಂಟಿಗಳು ಬರುತ್ತವೆ, ಸರಿಯಾದುದರಲ್ಲಿ ಹುಡುಕು. ತೆರಿಗೆ ಹಾಕುವ ಸಂಸ್ಥೆಗಳ ಪಟ್ಟಿಯಲ್ಲಿ ಐಎಸ್‌ಡಿಯ ಹೆಸರು ಇರುತ್ತದೆ. ತೆರಿಗೆ ಯಾರಿಗೆ ಹೋಗುತ್ತದೋ ಆ ಜಿಲ್ಲೆಯೇ ನಿನ್ನದು. ಹೊಸ ಬಡಾವಣೆಯಲ್ಲಿ ಮನೆ ನಂಬರು ಇನ್ನೂ ಸೇರಿರುವುದಿಲ್ಲ. ಆಗ ಬಿಲ್ಡರ್‌ನಿಂದ ಫೇಸ್ (ಬಡಾವಣೆ ಕಟ್ಟುವ ಹಂತ), ಬ್ಲಾಕ್, ಲಾಟ್ (ನಿವೇಶನ) ನಂಬರು ತೆಗೆದುಕೊಂಡು ಪ್ಲಾಟ್ ನಕ್ಷೆಯಲ್ಲಿ ಗುರುತಿಸು. ಪಕ್ಕದ ಫೇಸ್‌ನ ದಾಖಲೆ ನೋಡಿ ಇದೂ ಅದೇ ಇರಬೇಕು ಅಂದುಕೊಳ್ಳಬೇಡ, ಏಕೆಂದರೆ ಐಎಸ್‌ಡಿಯ ಗಡಿ ಒಂದೇ ಬಡಾವಣೆಯ ನಡುವೆ ಹಾದುಹೋಗಬಹುದು. ಝೋನ್‌ಗಾದರೆ ಐಎಸ್‌ಡಿಯ ಕಚೇರಿಗೇ ಲಾಟ್ ನಂಬರು ಕಳಿಸಿ ಇಮೇಲಿನಲ್ಲಿ ಉತ್ತರ ಪಡೆ. "ಈ ಶಾಲಾ ವರ್ಷಕ್ಕೆ ಇದು, ಮುಂದಿನ ವರ್ಷಕ್ಕೆ ಇನ್ನೂ ತೀರ್ಮಾನವಾಗಿಲ್ಲ" ಎಂದು ಅವರು ಬರೆದರೆ ಆ ಎರಡನೇ ಮಾತಿಗೇ ಹೆಚ್ಚು ಬೆಲೆ ಕೊಡು.

ಮುಂದೇನಾಗಬಹುದು ಅಂತ ಊಹಿಸಲು ಒಂದು ಒಳ್ಳೆಯ ದಾರಿಯಿದೆ, ಬಹಳ ಜನ ಅದನ್ನು ನೋಡುವುದೇ ಇಲ್ಲ. ವೇಗವಾಗಿ ಬೆಳೆಯುವ ಐಎಸ್‌ಡಿಗಳು ಜನಸಂಖ್ಯಾ ತಜ್ಞರಿಂದ ವರದಿ ಮಾಡಿಸಿ ಮಂಡಳಿಯ ಸಭೆಯಲ್ಲಿ ಮಂಡಿಸುತ್ತವೆ. ಸಭೆಯ ಕಾರ್ಯಸೂಚಿಯ ಜೊತೆ ಅದು ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಎರಡು ಕೋಷ್ಟಕ ಮುಖ್ಯ. ಒಂದರಲ್ಲಿ ಬಡಾವಣೆಯ ಹೆಸರಿನ ಮುಂದೆ ಎಷ್ಟು ಮನೆಗಳಲ್ಲಿ ಜನ ಬಂದಿದ್ದಾರೆ, ಎಷ್ಟು ಕಟ್ಟಡದ ಹಂತದಲ್ಲಿವೆ, ಎಷ್ಟು ನಿವೇಶನ ಖಾಲಿ, ಮುಂದೆ ಎಷ್ಟು ಬರಲಿವೆ ಎಂದಿರುತ್ತದೆ. ಇನ್ನೊಂದರಲ್ಲಿ ಶಾಲೆಯ ಹೆಸರಿನ ಮುಂದೆ ಕಟ್ಟಡದ ಸಾಮರ್ಥ್ಯ ಮತ್ತು ಮುಂದಿನ ವರ್ಷಗಳ ಅಂದಾಜು ಮಕ್ಕಳ ಸಂಖ್ಯೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. 750 ಮಕ್ಕಳ ಶಾಲೆಗೆ ಮೂರನೇ ವರ್ಷದ ಅಂದಾಜು 1,000 ಅಂತಿದ್ದು, ಅದೇ ಝೋನ್‌ನಲ್ಲಿ ಇನ್ನೂ 600 ಖಾಲಿ ನಿವೇಶನ ಇದ್ದರೆ, ಆ ಝೋನ್ ಒಡೆಯುವುದು ಬಹುತೇಕ ಖಂಡಿತ. ಒಡೆದಾಗ ಸಾಮಾನ್ಯವಾಗಿ ಹೊರಗೆ ಹೋಗುವುದು ಶಾಲೆಯಿಂದ ದೂರವಿರುವ, ದೊಡ್ಡ ರಸ್ತೆಯಾಚೆಗಿನ, ಇನ್ನೂ ಪೂರ್ತಿ ತುಂಬದ ಹೊಸ ಫೇಸ್. ನೀನು ನೋಡುತ್ತಿರುವ ಮನೆ ಅಂಥ ಫೇಸ್‌ನಲ್ಲಿದ್ದರೆ ಈಗಿನ ಶಾಲೆಯ ಹೆಸರನ್ನು ಮರೆತುಬಿಡು.

ಡೆವಲಪರ್‌ನ ನಕ್ಷೆಯಲ್ಲಿ "ಮುಂದಿನ ಶಾಲೆಯ ಜಾಗ" ಎಂದು ಹಸಿರು ಚೌಕ ಇರುತ್ತದೆ. ಜಾಗ ಇದೆ ಅಂದಮಾತ್ರಕ್ಕೆ ದುಡ್ಡಿದೆ ಅಂತಲ್ಲ. ಶಾಲೆ ಕಟ್ಟಲು ಐಎಸ್‌ಡಿ ಬಾಂಡ್ ಮೂಲಕ ಸಾಲ ಎತ್ತಬೇಕು, ಅದಕ್ಕೆ ಮೇ ಅಥವಾ ನವೆಂಬರ್ ಚುನಾವಣೆಯಲ್ಲಿ ಮತದಾರರು ಒಪ್ಪಬೇಕು. ಯಾವಾಗಲೂ ಒಪ್ಪುವುದಿಲ್ಲ: 2024ರ ನವೆಂಬರ್‌ನಲ್ಲಿ ಫ್ರಿಸ್ಕೋ ಐಎಸ್‌ಡಿಯ ಬಾಂಡ್ ಪ್ರಸ್ತಾಪಗಳು ಬಿದ್ದುಹೋದವು. ಒಪ್ಪಿದ ಮೇಲೂ ಪ್ರಾಥಮಿಕ ಶಾಲೆಯ ಬಾಗಿಲು ತೆರೆಯಲು ಎರಡು ವರ್ಷವಾದರೂ ಬೇಕು ಅಂತ ಇಟ್ಟುಕೋ. ಹಳೆಯ, ತುಂಬಿದ ಊರಿನಲ್ಲಿ ಕೊಂಡರೆ ಈ ಗೊಂದಲ ಇಲ್ಲ ಅಂತಲೂ ತಿಳಿಯಬೇಡ. ಅಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ, ಶಾಲೆಗಳೇ ಮುಚ್ಚುತ್ತಿವೆ. ಪ್ಲೇನೋ ಐಎಸ್‌ಡಿ 2024ರ ಜೂನ್‌ನಲ್ಲಿ ಒಂದೇ ಸಲ ನಾಲ್ಕು ಶಾಲೆ ಮುಚ್ಚಲು ತೀರ್ಮಾನಿಸಿತು.

ಝೋನ್ ಬದಲಾಗದಿದ್ದರೂ ಇನ್ನೊಂದು ತೊಂದರೆ ಬರಬಹುದು. ಟೆಕ್ಸಾಸ್ ಕಾನೂನಿನಲ್ಲಿ ನಾಲ್ಕನೇ ತರಗತಿಯವರೆಗೆ ಒಂದು ಕ್ಲಾಸಿಗೆ 22 ಮಕ್ಕಳ ಮಿತಿಯಿದೆ. ಶಾಲೆ ವಿನಾಯಿತಿ ಕೇಳಬಹುದು, ಆದರೆ ತುಂಬಿದ ಶಾಲೆಗಳಲ್ಲಿ ಹೊಸದಾಗಿ ಸೇರುವ ಮಗುವನ್ನು ಜಾಗವಿರುವ ಬೇರೆ ಶಾಲೆಗೆ ಕಳಿಸುವುದುಂಟು. ಮನೆಯೆದುರಿಗೇ ಶಾಲೆ, ಮಗು ಹೋಗುವುದು ಇನ್ನೆಲ್ಲಿಗೋ. ಅದಕ್ಕೇ "ಈ ಮನೆ ಯಾವ ಝೋನ್" ಅಂತ ಕೇಳಿದ ಮೇಲೆ "ಆ ಶಾಲೆಯ ಕಿಂಡರ್‌ಗಾರ್ಟನ್ ಹೊಸಬರಿಗೆ ತೆರೆದಿದೆಯೇ" ಅಂತಲೂ ಕೇಳು. ಇನ್ನು ಬಸ್ಸು: ಶಾಲೆಯಿಂದ 2 ಮೈಲಿ ಒಳಗಿದ್ದರೆ, ದಾರಿ ಅಪಾಯದ್ದೆಂದು ಜಿಲ್ಲೆ ಗುರುತಿಸಿರದಿದ್ದರೆ, ಬಸ್ಸು ಸಿಗುವುದು ಕಷ್ಟ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಈಗ ಬಿಲ್ಡರ್‌ನ ಒಪ್ಪಂದ. ಹಳೆಯ ಮನೆಗೆ ರಾಜ್ಯದ ನಿಗದಿತ ನಮೂನೆ ಇರುತ್ತದೆ, ಕೆಲವು ದಿನ ಯೋಚಿಸಿ ಹಿಂದೆ ಸರಿಯಲು ಅವಕಾಶವನ್ನೂ ಬರೆಸಿಕೊಳ್ಳಬಹುದು. ಬಿಲ್ಡರ್‌ಗಳು ತಮ್ಮದೇ ಒಪ್ಪಂದ ಬರೆಸುತ್ತಾರೆ, ಅದರಲ್ಲಿ ಹಿಂದೆ ಸರಿಯುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಕಲಮುಗಳನ್ನು ಬೆರಳಿಟ್ಟು ಓದು: ಶಾಲೆಯ ಹಂಚಿಕೆ ಬದಲಾಗಬಹುದು, ಅದಕ್ಕೆ ನಾವು ಹೊಣೆಯಲ್ಲ ಅನ್ನುವುದು ಒಂದು, ಬಾಯಿಮಾತಿನ ಭರವಸೆಗಳು ಒಪ್ಪಂದದ ಭಾಗವಲ್ಲ ಅನ್ನುವುದು ಇನ್ನೊಂದು. ಸೇಲ್ಸ್‌ನವರು ಎಷ್ಟೇ ನಗುನಗುತ್ತಾ "ಈ ಶಾಲೆಯೇ ಬರುತ್ತದೆ" ಅಂದರೂ ಕಾಗದದ ಮೇಲೆ ಅದಕ್ಕೆ ಬೆಲೆಯಿಲ್ಲ. ಝೋನ್ ಬದಲಾಯಿತು ಅಂತ ಬಿಟ್ಟು ಬಂದರೆ ಮುಂಗಡವೂ ಹೋಯಿತು, ಡಿಸೈನ್ ಸೆಂಟರ್‌ನಲ್ಲಿ ಟೈಲ್ಸ್, ಕಪಾಟು ಅಂತ ಕಟ್ಟಿದ ದುಡ್ಡೂ ಹೋಯಿತು. ನಿನ್ನ ಪರವಾಗಿ ನಿನ್ನದೇ ಏಜೆಂಟ್ ಇರಲಿ. ಮಾಡೆಲ್ ಮನೆಗೆ ಮೊದಲ ಸಲ ಹೋಗುವಾಗಲೇ ಅವರ ಹೆಸರು ಬರೆಸಬೇಕು, ಆಮೇಲೆ ಸೇರಿಸಲು ಅನೇಕ ಬಿಲ್ಡರ್‌ಗಳು ಒಪ್ಪುವುದಿಲ್ಲ.

ಇಲ್ಲಿ ನಷ್ಟವಾಗುವುದು ಕಾಲದ ಲೆಕ್ಕ ತಪ್ಪಿದಾಗ. ಗಡಿ ಮತ್ತೆ ಎಳೆಯುವ ಕೆಲಸ ಹೆಚ್ಚಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗಿ, ಚಳಿಗಾಲದಲ್ಲಿ ಮಂಡಳಿಯ ಮತಕ್ಕೆ ಬಂದು, ಮುಂದಿನ ಆಗಸ್ಟ್‌ನಿಂದ ಜಾರಿಯಾಗುತ್ತದೆ. ಬುನಾದಿಯಿಂದ ಕಟ್ಟಿಸುವ ಮನೆಗೆ ಏಳೆಂಟು ತಿಂಗಳು ಬೇಕು, ಒಮ್ಮೊಮ್ಮೆ ಇನ್ನೂ ಹೆಚ್ಚು. ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದವರು ಬೀಗ ತೆಗೆಯುವ ಹೊತ್ತಿಗೆ ಶಾಲೆ ಬೇರೆಯಾಗಿರಬಹುದು. ಇದಕ್ಕೆ ಉಪಾಯ ಒಂದೇ: ಮತ ಆದ ಮೇಲೆ ಸಹಿ ಹಾಕು, ಮತ್ತು ಆಗ ಅರ್ಧ ಕಟ್ಟಿದ ಅಥವಾ ಸಿದ್ಧವಾದ ಮನೆ ತೆಗೆದುಕೋ. ಇವನ್ನು ಇನ್ವೆಂಟರಿ ಮನೆ ಅನ್ನುತ್ತಾರೆ, ಸಿದ್ಧವಾಗಿದ್ದರೆ ಒಂದೆರಡು ತಿಂಗಳಲ್ಲಿ ಕೈಗೆ ಬರುತ್ತವೆ.

ನಿಮಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಬಂದ ಕೂಡಲೇ ಇಲ್ಲಿನ ಕ್ರೆಡಿಟ್ ಹಿಸ್ಟರಿ ಇಲ್ಲದೆ ಗೃಹಸಾಲ ಸಿಗುವುದು ಕಷ್ಟ, ಸಿಕ್ಕರೂ ಬಡ್ಡಿ ದುಬಾರಿ. ಜೂನ್‌ನಲ್ಲಿ ಬಂದು ಅದೇ ಐಎಸ್‌ಡಿಯೊಳಗೆ ಬಾಡಿಗೆಗೆ ಸೇರಿ, ಒಂದು ಕ್ರೆಡಿಟ್ ಕಾರ್ಡ್ ತೆಗೆದು ಪ್ರತಿ ತಿಂಗಳೂ ಪೂರ್ತಿ ತೀರಿಸು. ದೊಡ್ಡವಳು ಆಗಸ್ಟ್‌ನಲ್ಲಿ ಐದನೇ ತರಗತಿ. ಪ್ರಾಸ್ಪರ್‌ನಲ್ಲಿ ಅದು ಪ್ರಾಥಮಿಕದ ಕೊನೆಯ ವರ್ಷ, 2027ರ ಆಗಸ್ಟ್‌ನಲ್ಲಿ ಅವಳು ಹೇಗೂ ಮಿಡಲ್ ಸ್ಕೂಲಿಗೆ ಶಾಲೆ ಬದಲಿಸಬೇಕು. ಆ ವಸಂತದಲ್ಲಿ ಮನೆ ಕೊಂಡರೆ ಅವಳಿಗೆ ಇನ್ನೊಂದು ಸಲ ಶಾಲೆ ಬದಲಿಸುವ ಗೋಜಿಲ್ಲ. ಅವಳ ಮಟ್ಟಿಗೆ ನೀನು ನೋಡಬೇಕಾದದ್ದು ಮಿಡಲ್ ಮತ್ತು ಹೈಸ್ಕೂಲ್ ಝೋನ್. ಹೈಸ್ಕೂಲಿಗೆ ರೇಟಿಂಗ್ ಒಂದನ್ನೇ ನೋಡಬೇಡ. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ನೇರ ಪ್ರವೇಶ ಸಿಗುವುದು ತಮ್ಮ ಶಾಲೆಯ ಮೊದಲ 10 ಶೇಕಡಾದೊಳಗೆ ಇರುವವರಿಗೆ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ (ಯುಟಿ ಆಸ್ಟಿನ್) 2026ರ ಪ್ರವೇಶದಿಂದ ಅದು 5 ಶೇಕಡಾ. ಎಲ್ಲರೂ ಓಡುವ ಶಾಲೆಯಲ್ಲಿ ಆ ಸ್ಥಾನ ಸಿಗುವುದು ಇನ್ನೂ ಕಠಿಣ.

ಅರ್ಧ ಕಟ್ಟಿದ ಮನೆಯಲ್ಲಿ ಒಂದು ಕೊರತೆಯಿದೆ, ಬುನಾದಿ ಹಾಕಿದ್ದನ್ನು ನೀನು ನೋಡಿರುವುದಿಲ್ಲ. ಈ ಕಡೆಯದು ಕಪ್ಪು ಜೇಡಿ ಮಣ್ಣು. ನಮ್ಮ ನವಲಗುಂದದ ಎರೆ ಹೊಲದಂತೆಯೇ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದಕ್ಕಾಗಿ ಕಾಂಕ್ರೀಟ್ ಚಪ್ಪಡಿಯೊಳಗೆ ಉಕ್ಕಿನ ಕೇಬಲ್ ಹಾಸಿ, ಗಟ್ಟಿಯಾದ ಮೇಲೆ ಜಗ್ಗಿ ಬಿಗಿಯುತ್ತಾರೆ. ಆ ಕೇಬಲ್ ಜಗ್ಗಿದ ದಾಖಲೆಯನ್ನೂ ಬುನಾದಿಯ ಇಂಜಿನಿಯರ್ ಪತ್ರವನ್ನೂ ಕೇಳು. ಗೋಡೆಗೆ ಹಲಗೆ ಹೊಡೆಯುವ ಮೊದಲಿನ ಹಂತದಲ್ಲಿ ಮನೆ ಸಿಕ್ಕರೆ ಇನ್ನೂ ಒಳ್ಳೆಯದು. ಚೌಕಟ್ಟು, ವೈರಿಂಗ್, ಪೈಪು ಎಲ್ಲ ಕಣ್ಣಿಗೆ ಕಾಣುತ್ತವೆ, ಪರವಾನಗಿ ಇರುವ ಇನ್‌ಸ್ಪೆಕ್ಟರ್‌ನ್ನು ಕರೆದೊಯ್ಯಿ. ಹಸ್ತಾಂತರದ ಮೊದಲು ಮತ್ತೊಮ್ಮೆ, ಒಂದು ವರ್ಷದ ವಾರಂಟಿ ಮುಗಿಯುವ ಮುನ್ನ ಹನ್ನೊಂದನೇ ತಿಂಗಳಲ್ಲಿ ಇನ್ನೊಮ್ಮೆ ತಪಾಸಣೆ ಮಾಡಿಸು. ಮನೆಯ ಸುತ್ತ ಮೊದಲ 10 ಅಡಿಯಲ್ಲಿ ನೆಲ 6 ಇಂಚು ಹೊರಕ್ಕೆ ಇಳಿದಿದೆಯೇ ನೋಡು. ನೀರು ಬುನಾದಿಯ ಬುಡದಲ್ಲಿ ನಿಲ್ಲಬಾರದು.

ತೆರಿಗೆಯ ಲೆಕ್ಕದಲ್ಲಿ ಹೊಸ ಮನೆಯವರು ಮುಗ್ಗರಿಸುತ್ತಾರೆ. ಟೆಕ್ಸಾಸ್‌ನಲ್ಲಿ ಆಸ್ತಿಯ ಬೆಲೆ ಕಟ್ಟುವುದು ಜನವರಿ 1ರಂದು ಇದ್ದ ಸ್ಥಿತಿಗೆ. ಅಂದು ಬರೀ ನಿವೇಶನವಿದ್ದರೆ ಆ ವರ್ಷದ ತೆರಿಗೆ ನಿವೇಶನಕ್ಕೆ ಮಾತ್ರ. ಉದಾಹರಣೆಗೆ 6,00,000 ಡಾಲರ್ ಮನೆ, ನಿವೇಶನ 1,20,000, ಒಟ್ಟು ದರ 2.2 ಶೇಕಡಾ ಅಂತಿಟ್ಟುಕೋ. ಮೊದಲ ವರ್ಷ 2,640 ಡಾಲರ್, ತಿಂಗಳಿಗೆ 220. ಮರುವರ್ಷ 13,200. ಈ ತೆರಿಗೆಯನ್ನು ಬ್ಯಾಂಕು ಸಾಲದ ಕಂತಿನ ಜೊತೆ ತಿಂಗಳು ತಿಂಗಳು ವಸೂಲು ಮಾಡಿ ಕೂಡಿಡುತ್ತದೆ. ಅದು 220ರಂತೆ ಕೂಡಿಟ್ಟಿದ್ದರೆ 10,560 ಕಡಿಮೆ ಬೀಳುತ್ತದೆ. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದಾಗ 880, ಜೊತೆಗೆ ಆ ಮುಂದಿನ ತೆರಿಗೆಗೆ 1,100, ಹೀಗೆ ತಿಂಗಳಿಗೆ ತೆರಿಗೆಯ ಕಂತೇ 1,980 ಆಗುತ್ತದೆ. ಮೊದಲ ದಿನದಿಂದಲೇ ಪೂರ್ತಿ ಮನೆಯ ಬೆಲೆಗೆ ಕೂಡಿಡಿ ಅಂತ ಬ್ಯಾಂಕಿಗೆ ಹೇಳು. ವಾಸಕ್ಕೆ ಬಂದ ಮೇಲೆ ಡ್ರೈವಿಂಗ್ ಲೈಸೆನ್ಸಿನ ವಿಳಾಸ ಬದಲಿಸಿ ಹೋಮ್‌ಸ್ಟೆಡ್ ವಿನಾಯಿತಿಗೆ, ಅಂದರೆ ಸ್ವಂತ ವಾಸದ ಮನೆಗೆ ಸಿಗುವ ತೆರಿಗೆ ರಿಯಾಯಿತಿಗೆ, ಅರ್ಜಿ ಹಾಕು. ಶಾಲಾ ತೆರಿಗೆಯ ಲೆಕ್ಕದಲ್ಲಿ 1,40,000 ಡಾಲರ್ ಕಳೆಯುತ್ತಾರೆ. ಅರ್ಜಿಗೆ ಶುಲ್ಕವಿಲ್ಲ, ದುಡ್ಡು ಕೇಳುವ ಪತ್ರಗಳು ಬಂದರೆ ಹರಿದು ಹಾಕು. ಬಡಾವಣೆ ಮಡ್ (ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್) ಅಥವಾ ಪಿಡ್‌ಗೆ (ಪಬ್ಲಿಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್) ಸೇರಿದೆಯೇ ಅಂತಲೂ ಕೇಳು. ರಸ್ತೆ, ನೀರಿನ ಸಾಲಕ್ಕಾಗಿ ಅವು ಬೇರೆಯೇ ವಸೂಲಿ ಮಾಡುತ್ತವೆ.

ಅಪ್ಪ ಸೈಟು ಮಾರಿ ದುಡ್ಡು ಕಳಿಸುವ ಮಾತಾಡುತ್ತಿದ್ದಾರೆ ಅಂತ ಬರೆದಿದ್ದೀಯ. ಸೈಟು ಮಾರುವುದು ಬೇಡ ಅಂತ ನನ್ನ ಕಡೆಯಿಂದ ಹೇಳು. ಕೈಯಲ್ಲಿರುವ ಉಳಿತಾಯದಲ್ಲಿ ಸ್ವಲ್ಪ ಕೊಡುವುದಾದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ 20 ಶೇಕಡಾ ಟಿಸಿಎಸ್, ಅಂದರೆ ಕಳಿಸುವಾಗಲೇ ವಸೂಲಾಗುವ ತೆರಿಗೆ, ಹಿಡಿಯುತ್ತಾರೆ, ಅಪ್ಪ ರಿಟರ್ನ್ ಹಾಕಿದಾಗ ಅದು ಲೆಕ್ಕಕ್ಕೆ ಬರುತ್ತದೆ. ಸಾಲ ಕೊಡುವವರು ಇದು ಉಡುಗೊರೆ, ವಾಪಸು ಕೊಡುವ ಸಾಲವಲ್ಲ ಎಂಬ ಪತ್ರವನ್ನೂ ಹಣ ಬಂದ ದಾರಿಯ ದಾಖಲೆಯನ್ನೂ ಕೇಳುತ್ತಾರೆ. ವರ್ಷಕ್ಕೆ 1,00,000 ಡಾಲರ್ ಮೀರಿದರೆ ನೀನು ಇಲ್ಲಿ 3520 ಅನ್ನುವ ಫಾರ್ಮ್ ತುಂಬಬೇಕು. ತೆರಿಗೆ ಬೀಳುವುದಿಲ್ಲ, ಆದರೆ ತುಂಬದಿದ್ದರೆ ದಂಡ ದೊಡ್ಡದು.

ಅವ್ವ ಪೂರ್ವ ದಿಕ್ಕಿನ ಬಾಗಿಲು ಕೇಳುತ್ತಾಳೆ, ಗೊತ್ತು. ಇಲ್ಲಿ ನಮ್ಮವರೆಲ್ಲ ಅದನ್ನೇ ಕೇಳುವುದರಿಂದ ಪೂರ್ವದ ನಿವೇಶನಗಳು ಮೊದಲು ಖಾಲಿಯಾಗುತ್ತವೆ. ಸಿಕ್ಕರೆ ಬಿಡಬೇಡ. ಆದರೆ ಬಾಗಿಲಿಗಾಗಿ ಬೇರೆ ಐಎಸ್‌ಡಿಗೆ ದಾಟಬೇಡ ಅಂತ ಅವ್ವನಿಗೆ ನಾನೇ ಹೇಳುತ್ತೇನೆ.

ಈಗ ಅಲ್ಲಿಂದಲೇ ಆಗಬೇಕಾದ ಕೆಲಸ. ಚಿಕ್ಕವಳಿಗೆ ಸೆಪ್ಟೆಂಬರ್ 1ರೊಳಗೆ ಐದು ತುಂಬುವುದರಿಂದ ಕಿಂಡರ್‌ಗಾರ್ಟನ್ ಸಿಗುತ್ತದೆ. ಇಬ್ಬರ ಜನನ ಪ್ರಮಾಣಪತ್ರ ಇಂಗ್ಲಿಷಿನಲ್ಲಿ ತೆಗೆಸು. ಲಸಿಕೆಯ ಕಾರ್ಡಿನಲ್ಲಿ ಪ್ರತಿ ಡೋಸಿನ ತಾರೀಖು, ವೈದ್ಯರ ಸಹಿ, ಸೀಲು ಇರಲಿ. ಪೋಲಿಯೋ, ಡಿಪಿಟಿ, ಎಂಎಂಆರ್, ಚಿಕನ್‌ಪಾಕ್ಸ್ (ಸೀತಾಳೆ ಸಿಡುಬು), ಹೆಪಟೈಟಿಸ್ ಎ ಮತ್ತು ಬಿ, ಇಷ್ಟನ್ನೂ ಶಾಲೆಯವರು ನೋಡುತ್ತಾರೆ. ನಮ್ಮ ಕಡೆ ಚಿಕನ್‌ಪಾಕ್ಸಿನದೂ ಹೆಪಟೈಟಿಸ್ ಎ ಲಸಿಕೆಯೂ ಎಷ್ಟೋ ಮಕ್ಕಳಿಗೆ ಬಿಟ್ಟುಹೋಗಿರುತ್ತವೆ. ಎರಡು ಡೋಸುಗಳ ನಡುವೆ ತಿಂಗಳುಗಳ ಅಂತರ ಬೇಕಾಗುವುದರಿಂದ ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸು. ದೊಡ್ಡವಳ ಮೂರು ವರ್ಷದ ಅಂಕಪಟ್ಟಿಗಳನ್ನು ಲಕೋಟೆಯಲ್ಲಿ ಹಾಕಿ ಕೈಚೀಲದಲ್ಲೇ ತಾ, ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಡ.

ಇಂತಿ ನಿನ್ನ ಪ್ರೀತಿಯ,
ಅಕ್ಕ