ರ‍್ಯಾಮ್ 4 ಜಿಬಿ ಸಾಕಾ?

ಸಂಪಾದಕರೇ,

ಮಗಳ ಓದಿಗೆಂದು ಡೆಸ್ಕ್‌ಟಾಪ್ ಕೊಳ್ಳಲು ಹೋದಾಗ ಅಂಗಡಿಯವರು ‘4 ಜಿಬಿ ರ‍್ಯಾಮ್ ಸಾಕು ಸಾರ್’ ಎಂದರು. ರ‍್ಯಾಮ್ ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಅಂತ ಮೈಕ್ರೋಸಾಫ್ಟೇ ಹೇಳುತ್ತದೆ, ನಿಜ. ಆದರೆ ಬರೀ ಆನ್ ಆದರೆ ಸಾಕಾ? ಅಲ್ಲೇ ಕ್ರೋಮ್‌ನಲ್ಲಿ ಹತ್ತು ಟ್ಯಾಬ್ ತೆರೆದು, ಒಂದು ವಿಡಿಯೊ ಪಾಠವನ್ನೂ ಹಾಕಿ, ಮೆಮೊರಿ ಎಷ್ಟು ಬಳಕೆಯಾಗಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ನೋಡಿದೆ: ಮೆಮೊರಿ ಶೇ 90 ದಾಟಿತ್ತು, ಮೌಸ್ ಬಾಣ ನಿಂತು ನಿಂತು ಚಲಿಸುತ್ತಿತ್ತು. ರ‍್ಯಾಮ್ ತುಂಬಿದರೆ ಕಂಪ್ಯೂಟರ್ ಡಿಸ್ಕಿನ ಜಾಗ ಬಳಸುತ್ತದೆ, ಅದು ತುಂಬಾ ನಿಧಾನ. ಮನೆ ಬಳಕೆಗೆ 8 ಜಿಬಿ ಇರಲೇಬೇಕು, ವಿಡಿಯೊ ಎಡಿಟಿಂಗ್ ಮಾಡುವವರಿಗೆ 16 ಜಿಬಿಗಿಂತ ಕಮ್ಮಿ ಬೇಡ. ದುಡ್ಡು ಸಾಲದಿದ್ದರೆ ಮದರ್‌ಬೋರ್ಡಿನಲ್ಲಿ (ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಬೋರ್ಡ್) ರ‍್ಯಾಮ್ ಹಾಕುವ ಒಂದು ಸ್ಲಾಟ್ ಖಾಲಿ ಇದೆಯಾ ಕೇಳಿ, ಆಮೇಲೆ ಇನ್ನಷ್ಟು ಹಾಕಿಸಬಹುದು. ಅಂಗಡಿಯವರೂ ಇದನ್ನು ಮೊದಲೇ ಹೇಳಬೇಕು ಅಲ್ವಾ?

— ಒಬ್ಬ ಓದುಗ, ಮೈಸೂರು