ಮಗಳಿಗೊಂದು ಪತ್ರ: ಹಿಂದೆ ಯಾರೂ ನಿಲ್ಲದಿರಲಿ

ಕಾರವಾರ

ಪ್ರೀತಿಯ ಕೂಸೇ, ಆಶೀರ್ವಾದಗಳು.

ಇಲ್ಲಿ ಅತ್ತೆಯ ಮನೆಯಲ್ಲಿ ಎಲ್ಲರೂ ಕ್ಷೇಮ. ಸಮುದ್ರದ ಕಡೆಯಿಂದ ಮಳೆ ಹಿಡಿದಿದೆ, ಘಟ್ಟ ಹತ್ತಿ ಬನವಾಸಿಗೆ ಬರಲು ಹೆಚ್ಚು ದಿನ ಬೇಕಿಲ್ಲ.

ಟ್ರ್ಯಾಕ್ಟರಿನ ಹಿಂದಿರುವ, ನೆಲ ಉಳುವ ಕಲ್ಟಿವೇಟರ್ ಬಿಚ್ಚಿ, ಬ್ಲೇಡು ತಿರುಗಿ ಮಣ್ಣು ಪುಡಿಮಾಡುವ ರೋಟವೇಟರ್ ಜೋಡಿಸಲು ಪಕ್ಕದ ಮನೆಯವರನ್ನು ಕರೆಯಲೇ ಎಂದು ಕೇಳಿದ್ದೀಯ. ಬೇಡ, ಒಬ್ಬಳೇ ಜೋಡಿಸು. ಇದಕ್ಕೆ ಇಬ್ಬರಾದರೂ ಬೇಕು, ಅದರಲ್ಲೂ ಗಂಡಸರೇ ಬೇಕು ಎನ್ನುವವರಿಗೆ ನಮ್ಮೂರಲ್ಲಿ ಬರವಿಲ್ಲ. ನನಗೆ ಹೆದರಿಕೆ ಆ ಎರಡನೆಯವರದ್ದೇ. ನೀನು ಟ್ರ್ಯಾಕ್ಟರನ್ನು ಹಿಂದಕ್ಕೆ ತರುವಾಗ ಅವರು ನಡುವೆ ನಿಂತು, ಕೈಯಲ್ಲಿ ಪಿನ್ ಹಿಡಿದು, "ಇನ್ನೊಂದು ಚೂರು, ಇನ್ನೊಂದು ಚೂರು" ಎನ್ನುತ್ತಾರೆ. ಕ್ಲಚ್ಚಿನ ಮೇಲಿನ ಒದ್ದೆ ಕಾಲು ಜಾರಿದರೆ ಅವರಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಒಬ್ಬಳೇ ಇದ್ದರೆ, ನೀನು ಸೀಟಿನ ಮೇಲಿರುತ್ತೀಯ, ಇಲ್ಲವೇ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡು ಹಿಂದಿರುತ್ತೀಯ. ಹಿಂದೆ ಹೋಗುವ ಮೊದಲು ದೊಡ್ಡ ಚಕ್ರಗಳಿಗೆ ಚಿರೆಕಲ್ಲು ಕೊಡು.

ಕಲ್ಟಿವೇಟರನ್ನು ಸಮ ಜಾಗದಲ್ಲಿ ಪೂರ್ತಿ ನೆಲಕ್ಕೆ ಇಳಿಸಿದ ಮೇಲೆಯೇ ಬಿಚ್ಚು. ರೋಟವೇಟರಿಗೆ ಹಿಂದಕ್ಕೆ ಬರುವಾಗ ಅತಿ ನಿಧಾನದ ಗೇರ್ ಸಾಕು. ಪಿನ್ನಿಗೂ ಟ್ರ್ಯಾಕ್ಟರಿನ ಹಿಂದಿನ ತೋಳಿನ ತೂತಿಗೂ ಬೆರಳಿನಷ್ಟು ಅಂತರ ಉಳಿದರೆ ರೋಟವೇಟರನ್ನು ನೂಕಲು ಹೋಗಬೇಡ, ಅದು ಕ್ವಿಂಟಾಲುಗಟ್ಟಲೆ ಕಬ್ಬಿಣ. ಬೇಸರವಾದರೂ ಮತ್ತೆ ಸೀಟು ಹತ್ತು.

ಮೊದಲು ಎಡಗಡೆಯ ಕೆಳತೋಳು. ನಮ್ಮ ಟ್ರ್ಯಾಕ್ಟರಿನಲ್ಲಿ ಅದರ ಎತ್ತರ ಹೊಂದಿಸಲು ಬರುವುದಿಲ್ಲ. ಬಲಗಡೆಯದಕ್ಕೆ ತಿರುಗಿಸುವ ಹಿಡಿಕೆ ಇದೆ, ಆದ್ದರಿಂದ ಅದು ಎರಡನೆಯದು. ಮೇಲಿನ ಕೊಂಡಿ, ಅಂದರೆ ಟಾಪ್ ಲಿಂಕ್, ಕೊನೆಗೆ; ಅದರ ನಡುವಿನ ಕೊಳವೆ ತಿರುಗಿಸಿದರೆ ಬೇಕಾದ ಉದ್ದಕ್ಕೆ ಬರುತ್ತದೆ. ಬಿಚ್ಚುವಾಗ ಇದೇ ಕ್ರಮ ತಿರುಗುಮುರುಗು.

ಪ್ರತಿ ಪಿನ್ನಿಗೂ, ಅದು ಜಾರಿ ಬೀಳದಂತೆ ತುದಿಗೆ ಸಿಕ್ಕಿಸುವ ಲಿಂಚ್ ಪಿನ್ ಬೇಕೇಬೇಕು. ಮೊಳೆ ಬಗ್ಗಿಸಿ ಸಿಕ್ಕಿಸುವವರನ್ನು, ತಂತಿ ಸುತ್ತುವವರನ್ನು ನೋಡಿದ್ದೀಯಲ್ಲ, ಅವರ ಜಾಣತನ ನಮಗೆ ಬೇಡ. ಶಿರಸಿಯ ಅಂಗಡಿಯಲ್ಲಿ ಅದಕ್ಕೆ ಚಹಾದ ದುಡ್ಡಿಗಿಂತ ಬಹಳವೇನೂ ಕೊಡಬೇಕಿಲ್ಲ. ಎರವಲು ತಂದ ಸಲಕರಣೆಯಾದರೆ ಪಿನ್ನಿನ ದಪ್ಪವನ್ನೂ ನೋಡು. 28 ಮಿಲಿಮೀಟರಿನ ತೂತಿಗೆ 22ರ ಪಿನ್ ಸಲೀಸಾಗಿ ಹೋಗುತ್ತದೆ, ಕೆಲಸದಲ್ಲಿ ಒದ್ದಾಡಿ ಸವೆಯುತ್ತದೆ. ನಡುವಿನ ಸಂದು ತುಂಬಲು ಬುಷ್ ಎಂಬ ಬಳೆ ಹಾಕಬೇಕು.

ಇನ್ನು ಎಂಜಿನ್ನಿನ ಬಲವನ್ನು ರೋಟವೇಟರಿಗೆ ಮುಟ್ಟಿಸುವ ಪಿಟಿಒ ಶಾಫ್ಟ್. ಎಂಜಿನ್ ಆರಿರುವಾಗಲೇ ಅದನ್ನು ಸೇರಿಸು. ಲಾಕ್ ಟಕ್ಕೆಂದ ಮೇಲೂ ಒಮ್ಮೆ ಹಿಂದಕ್ಕೆಳೆದು ನೋಡು. ಅದು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಸೆಕೆಂಡಿಗೆ 9. ಬಟ್ಟೆಯ ತುದಿ ಸಿಕ್ಕಿದರೆ ಕೂಗುವಷ್ಟು ಹೊತ್ತೂ ಸಿಗುವುದಿಲ್ಲ. ಆ ದಿನ ದುಪಟ್ಟಾ ಬೇಡ, ಮಳೆಗೆ ಕೊಪ್ಪೆಯೂ ಬೇಡ, ನೆನೆದರೆ ನೆನೆ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ತಿರುಗದಂತೆ ಅದರ ಸರಪಳಿಯನ್ನು ಕೊಕ್ಕೆಗೆ ಹಾಕು. ಕವಚ ಒಡೆದಿದ್ದರೆ ಹೊಸದು ಬರುವವರೆಗೆ ಉಳುಮೆ ನಿಲ್ಲಲಿ, ಬಿತ್ತನೆ ಎರಡು ದಿನ ತಡವಾದರೆ ನಾನೇನೂ ಅನ್ನುವುದಿಲ್ಲ.

ಜೋಡಿಸಿದ ಮೇಲೆ ಪಿಟಿಒ ಹಾಕದೆ ಸೀಟಿನಿಂದಲೇ ನಿಧಾನವಾಗಿ ಒಮ್ಮೆ ಎತ್ತಿ ಇಳಿಸಿ ನೋಡು. ಶಾಫ್ಟ್ ಎಲ್ಲಿಯಾದರೂ ತಾಗುತ್ತದೆಯೇ, ಮುಂದಿನ ಚಕ್ರ ಹಗುರವಾಗುತ್ತದೆಯೇ ಎಂಬುದು ಆಗಲೇ ತಿಳಿಯುತ್ತದೆ. ಎತ್ತಿದ ರೋಟವೇಟರಿನ ಕೆಳಗೆ ಮಾತ್ರ ಕೈ ಹಾಕಬೇಡ. ಬ್ಲೇಡಿಗೆ ಹುಲ್ಲು ಸುತ್ತಿದ್ದರೆ ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿ ತೆಗೆ.

ಗ್ರೀಸ್ ಗನ್ ಕೊಟ್ಟಿಗೆಯ ಅಟ್ಟದಲ್ಲಿದೆ. ಆಯಿಗೆ ಹೇಳಿದರೆ ತೆಗೆದುಕೊಡುತ್ತಾಳೆ.

ನಿನ್ನ ಅಪ್ಪ