ಕುರ್ಚಿ ಜೋಡಿಸುವ ಅಧ್ಯಕ್ಷರು

ನಮ್ಮ ಸಂಘದ ವಾರ್ಷಿಕೋತ್ಸವದ ತಾಲೀಮು ನಡೆಯುತ್ತಿದ್ದಾಗ ಏಳೆಂಟು ವರ್ಷದ ಹುಡುಗಿಯೊಬ್ಬಳು ಅಮ್ಮನ ಸೆರಗು ಜಗ್ಗಿ ಕೇಳಿದಳು: “ಅಧ್ಯಕ್ಷರು ಅಂದ್ರೆ ಕುರ್ಚಿ ಜೋಡಿಸೋರಾ ಅಮ್ಮ?” ಸುತ್ತ ಇದ್ದವರೆಲ್ಲ ನಕ್ಕರು. ಅಧ್ಯಕ್ಷರೂ ನಕ್ಕರು, ಕೈಯಲ್ಲಿದ್ದ ಎರಡು ಕುರ್ಚಿ ಕೆಳಗಿಡದೆಯೇ.

ಎಂಥ ಸರಳ ಮನುಷ್ಯ ಎಂದು ಮೆಚ್ಚಬಹುದು, ಮೆಚ್ಚಲೇಬೇಕು. ಆದರೆ ಅದೇ ಹೊತ್ತಿನಲ್ಲಿ ಮೈಕಿನವರು ಯಾರನ್ನು ಕೇಳಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಿದ್ದರು. ನಿರೂಪಣೆಯ ಇಬ್ಬರಿಗೆ ಯಾವ ಹಾಡು ಮೊದಲು ಎಂಬ ತೀರ್ಮಾನ ಬೇಕಿತ್ತು. ತೀರ್ಮಾನ ಕೊಡಬೇಕಾದವರ ಎರಡೂ ಕೈ ತುಂಬಿತ್ತು. ನಮ್ಮ ಸದಸ್ಯರಲ್ಲಿ ಬಹಳ ಮಂದಿ ಆಫೀಸಿನಲ್ಲೂ ಹೀಗೇ ಕುರ್ಚಿ ಹಿಡಿದು ನಿಂತವರು. ಸಂಘದ ಪತ್ರಿಕೆಯ ಈ ಸಂಚಿಕೆ ಬೆಳಗಾಗುವುದರೊಳಗೆ ಹೋಗಬೇಕು, ಬೇರೆ ವಿಷಯ ಹುಡುಕುವ ವ್ಯವಧಾನವೂ ಇಲ್ಲ. ಆ ಮಗು ಎತ್ತಿಕೊಟ್ಟ ವಿಷಯವೇ ಇರಲಿ.

ಕೆಲಸ ಬಲ್ಲವರಿಗೆ ಬಡ್ತಿ ಸಿಗುತ್ತದೆ. ಬಡ್ತಿ ಸಿಕ್ಕಮೇಲೆ ಅವರು ಅದೇ ಹಳೆಯ ಕೆಲಸವನ್ನು ಇನ್ನಷ್ಟು ಹುರುಪಿನಿಂದ ಮಾಡುತ್ತಾರೆ. ತೊಡಕು ಅಲ್ಲಿ. ಒಬ್ಬರೇ ಕೂತು ಮುಗಿಸುವುದು ಒಂದು ಕಸುಬು, ಆರು ಜನರಿಂದ ಮಾಡಿಸುವುದು ಇನ್ನೊಂದು ಕಸುಬು. ಅಂಥ ಆರಾರು ಜನರ ತಂಡ ನಡೆಸುವ ನಾಲ್ವರನ್ನು ಬೆಳೆಸುವುದು ಮೂರನೆಯದು. ಪ್ರತಿಯೊಬ್ಬರೂ ತಮ್ಮ ಯೋಗ್ಯತೆ ಮುಗಿಯುವ ಮೆಟ್ಟಿಲವರೆಗೆ ಏರಿ ಅಲ್ಲೇ ಉಳಿಯುತ್ತಾರೆ ಎಂದು ಶಿಕ್ಷಣತಜ್ಞ ಲಾರೆನ್ಸ್ ಪೀಟರ್ 1969ರಲ್ಲಿ ಕುಚೋದ್ಯ ಮಾಡಿದ್ದು ಇದನ್ನೇ. ಮೆಟ್ಟಿಲು ಬದಲಾದರೂ ಕಸುಬು ಬದಲಾಗದಿದ್ದರೆ ಆತನ ಕುಚೋದ್ಯ ನಿಜವಾಗುತ್ತದೆ.

ಹಾಗಾಗಿ ಜವಾಬ್ದಾರಿ ಬದಲಾದ ಮೊದಲ ತಿಂಗಳಲ್ಲೇ ಮಾಡಬೇಕಾದ ಕೆಲಸ ಒಂದಿದೆ. ಹಿಂದಿನ ಎರಡು ವಾರದ ಕ್ಯಾಲೆಂಡರ್ ತೆಗೆದು ಪ್ರತಿ ಅರ್ಧ ಗಂಟೆಯ ಮುಂದೆ ಒಂದು ಗುರುತು ಹಾಕಿ: ಇದು ನನ್ನಿಂದಲೇ ಆಗಬೇಕಿತ್ತೇ, ಬೇರೆಯವರು ಮಾಡಬಹುದಿತ್ತೇ, ಯಾರೂ ಮಾಡದಿದ್ದರೂ ನಡೆಯುತ್ತಿತ್ತೇ? ಎರಡನೇ ಗುರುತು ಬಿದ್ದವುಗಳಲ್ಲಿ ಮೂರನ್ನು ಆರಿಸಿ, ಯಾರಿಗೆ, ಯಾವ ತಾರೀಖಿನೊಳಗೆ ಎಂದು ಬರೆದಿಡಿ. ಇಷ್ಟವಾದ ಕೆಲಸವನ್ನೇ ಮೊದಲು ಬಿಡಬೇಕಾಗಿ ಬರುವುದರಿಂದ ಇದು ಕಷ್ಟ. ಕೈ ಪಳಗಿದ ಕೆಲಸದಲ್ಲಿ ಸಿಗುವ ಸಮಾಧಾನ ಹೊಸ ಕೆಲಸದಲ್ಲಿ ಆರು ತಿಂಗಳಾದರೂ ಸಿಗುವುದಿಲ್ಲ.

ಕೊಡುವುದಕ್ಕೂ ಒಂದು ಕ್ರಮವಿದೆ, ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ವೇದಿಕೆ ಕಾರ್ಯಕ್ರಮದ ಹೊಣೆಯನ್ನು ಹೊಸಬರೊಬ್ಬರಿಗೆ ವಹಿಸುತ್ತೀರಿ ಎನ್ನೋಣ. “ಸ್ಟೇಜ್ ನೀವು ನೋಡ್ಕೊಳ್ಳಿ” ಎಂದರೆ ಕೆಲಸ ಕೊಟ್ಟಂತಲ್ಲ. ಮುಗಿದಾಗ ಏನಾಗಿರಬೇಕು ಎಂಬುದನ್ನು ಮೊದಲು ಹೇಳಿ: ಹದಿನಾಲ್ಕು ಕಾರ್ಯಕ್ರಮ, ಮೂರು ಗಂಟೆ, ಮಕ್ಕಳದ್ದೆಲ್ಲ ಮೊದಲ ಒಂದೂವರೆ ಗಂಟೆಯಲ್ಲಿ. ಆಮೇಲೆ ಅಧಿಕಾರದ ಗೆರೆ. ಕ್ರಮ ಬದಲಿಸುವುದು, ಅವಧಿ ಮೊಟಕು ಮಾಡುವುದು ಅವರ ತೀರ್ಮಾನ, ನಿಮ್ಮನ್ನು ಕೇಳಬೇಕಿಲ್ಲ. ಕಾರ್ಯಕ್ರಮವನ್ನೇ ಕೈಬಿಡುವುದಾದರೆ ಮಾಡುವ ಮೊದಲು ತಿಳಿಸಬೇಕು. ಹಣ ಖರ್ಚಾಗುವುದಾದರೆ ಖಜಾಂಚಿಯ ಒಪ್ಪಿಗೆ ಬೇಕು. ಈ ಗೆರೆ ಎಲ್ಲರೆದುರು ಎಳೆಯಬೇಕು, ಇಲ್ಲದಿದ್ದರೆ ಹಳಬರು ನೇರವಾಗಿ ನಿಮಗೇ ಫೋನ್ ಮಾಡುತ್ತಾರೆ. ಕೊನೆಗೆ, ಎಲ್ಲಿಗೆ ಬಂತೆಂದು ನೋಡುವ ಎರಡು ದಿನ ಮೊದಲೇ ಗೊತ್ತುಮಾಡಿ, ಕೆಲಸ ಕಾಲುಭಾಗ ಆದಾಗ ಒಂದು, ಮುಕ್ಕಾಲು ಆದಾಗ ಒಂದು. ಕಾಲುಭಾಗದಲ್ಲಿ ಕಂಡ ತಪ್ಪು ತಿದ್ದುವುದು ಹತ್ತು ನಿಮಿಷದ ಮಾತು. ಹಿಂದಿನ ದಿನ ಕಂಡರೆ ನೀವೇ ಎಲ್ಲ ಕಿತ್ತುಕೊಂಡು ಮಾಡುತ್ತೀರಿ, ಆ ಹೊಸಬರು ಮುಂದಿನ ವರ್ಷ ಬರುವುದಿಲ್ಲ.

ಕೆಟ್ಟುಹೋಗುವುದು ಬಹುಪಾಲು ಒಂದೇ ಮಾತಿನಿಂದ. ಹೊಸಬರು ಬಂದು “ಇಬ್ಬರು ಗಾಯಕರು ಒಂದೇ ಹಾಡು ಕೊಟ್ಟಿದ್ದಾರೆ, ಏನ್ ಮಾಡೋದು?” ಎನ್ನುತ್ತಾರೆ. “ಇರಲಿ, ನಾನು ಮಾತಾಡ್ತೀನಿ ಬಿಡಿ” ಎನ್ನುತ್ತೀರಿ. ಮುಗಿಯಿತು. 1974ರಲ್ಲಿ ವಿಲಿಯಂ ಆಂಕನ್ ಮತ್ತು ಡೊನಾಲ್ಡ್ ವಾಸ್ ಎಂಬಿಬ್ಬರು ಇದನ್ನೇ ಕೋತಿಯ ಹೋಲಿಕೆಯಲ್ಲಿ ವಿವರಿಸಿದ್ದರು. ಅವರ ಹೆಗಲ ಮೇಲಿದ್ದ ಕೋತಿ “ಬಿಡಿ” ಎಂದ ಕ್ಷಣ ನಿಮ್ಮ ಹೆಗಲಿಗೆ ಹಾರುತ್ತದೆ. ಆ ಮಾತಿನ ಬದಲು “ನಿಮಗೇನನ್ನಿಸುತ್ತೆ? ಎರಡು ದಾರಿ ಯೋಚಿಸಿ ಸಂಜೆ ಹೇಳಿ” ಎಂದರೆ ಕೋತಿ ಇದ್ದಲ್ಲೇ ಇರುತ್ತದೆ. ಒಂದು ವಾರ ಎಷ್ಟು ಸಲ “ಬಿಡಿ” ಎಂದಿರಿ ಎಂದು ಎಣಿಸಿ ನೋಡಿ. ಲೆಕ್ಕ ಯಾರಿಗೂ ಹೇಳಬೇಡಿ, ಬೇಜಾರಾಗುತ್ತದೆ.

ಇನ್ನು ಸ್ವಭಾವ ತಿದ್ದಿಕೊಳ್ಳುವ ವಿಚಾರ. “ಒಳ್ಳೆಯ ಕೇಳುಗನಾಗಬೇಕು” ಎಂಬಂಥ ಸಂಕಲ್ಪಗಳು ಮೂರು ವಾರ ಬಾಳುವುದಿಲ್ಲ, ಪಾಲಿಸಿದೆವೋ ಇಲ್ಲವೋ ಎಂದು ಸಂಜೆ ಹೇಳಲು ಬರುವುದಿಲ್ಲವಲ್ಲ. ಹನ್ನೆರಡು ವಾರಕ್ಕೆ ಒಂದೇ ಒಂದು ನಡವಳಿಕೆ ಆರಿಸಿ, ಅದನ್ನು “ಹೀಗಾದಾಗ ಹೀಗೆ ಮಾಡುತ್ತೇನೆ” ಎಂಬ ರೂಪದಲ್ಲಿ ಬರೆಯಿರಿ: ‘ಸಭೆಯಲ್ಲಿ ಹೊಸ ವಿಷಯ ಬಂದಾಗ, ಮೂವರು ಮಾತಾಡುವವರೆಗೆ ನನ್ನ ಅಭಿಪ್ರಾಯ ಹೇಳುವುದಿಲ್ಲ.’ ಸಂದರ್ಭ ಮತ್ತು ಕ್ರಿಯೆಯನ್ನು ಹೀಗೆ ಕಟ್ಟಿಹಾಕಿದ ಸಂಕಲ್ಪ ಬರೀ ಆಸೆಗಿಂತ ಹೆಚ್ಚು ನಿಲ್ಲುತ್ತದೆಂದು ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ 1990ರ ದಶಕದಲ್ಲೇ ತೋರಿಸಿದ್ದಾರೆ.

ಇದನ್ನು ಇಬ್ಬರಿಗೆ ಹೇಳಿ, ಹದಿನೈದು ದಿನಕ್ಕೊಮ್ಮೆ ಕೇಳಿ. ಕೇಳುವ ಪ್ರಶ್ನೆ “ನಾನು ಹೇಗೆ ಮಾಡ್ತಿದ್ದೀನಿ?” ಎಂದಿದ್ದರೆ “ಚೆನ್ನಾಗೇ ಮಾಡ್ತಿದ್ದೀರಿ ಸರ್” ಎಂಬ ಉತ್ತರ ಗ್ಯಾರಂಟಿ. “ಮೊನ್ನೆ ಮಂಗಳವಾರದ ಸಭೆಯಲ್ಲಿ ಯಾರ ಮಾತನ್ನಾದರೂ ತುಂಡರಿಸಿದೆನಾ?” ಎಂದು ಕೇಳಿ. ಉತ್ತರಕ್ಕೆ “ಥ್ಯಾಂಕ್ಸ್” ಅಷ್ಟೇ. ಸಮಜಾಯಿಷಿ ಕೊಟ್ಟರೆ ಮುಂದಿನ ಸಲ ನಿಜ ಹೇಳುವುದಿಲ್ಲ. ಬೇರೆಯವರಿಗೆ ನೀವು ಹೇಳುವಾಗಲೂ ಕೆಲಸದ ಮೇಲೆ ಮಾತಿರಲಿ, ಮನುಷ್ಯನ ಮೇಲೆ ಬೇಡ. ಅವ್ರಹಾಂ ಕ್ಲೂಗರ್ ಮತ್ತು ಏಂಜಲೋ ಡಿನಿಸಿ 1996ರಲ್ಲಿ ಹಿಂದಿನ ಅಧ್ಯಯನಗಳ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಕೊಟ್ಟಮೇಲೆ ಕೆಲಸ ಇನ್ನೂ ಹದಗೆಟ್ಟಿತ್ತು. ಗಮನ ಕೆಲಸದಿಂದ ‘ನಾನು ಎಂಥವನು’ ಎಂಬುದರ ಕಡೆಗೆ ಜಾರಿದಾಗ ಹೀಗಾಗುತ್ತದೆ ಎಂಬುದು ಅವರ ವಿವರಣೆ. ವರ್ಷಕ್ಕೊಮ್ಮೆಯ ಅಪ್ರೈಸಲ್ ಮುಗಿಸಿ ಮನೆಗೆ ಬಂದವರ ಮುಖ ನೋಡಿದವರಿಗೆ ಇದು ಹೊಸದೇನಲ್ಲ.

ಒಂದು ನೋಟುಬುಕ್ಕು ಬೇಕು. ದೊಡ್ಡ ತೀರ್ಮಾನ ಮಾಡಿದ ದಿನವೇ ಐದು ಸಾಲು: ತಾರೀಖು, ತೀರ್ಮಾನ, ಕಾರಣ, ಏನಾಗುತ್ತದೆಂದು ಅಂದುಕೊಂಡಿದ್ದೇನೆ, ಎಷ್ಟು ಖಾತ್ರಿ (ನೂರಕ್ಕೆ ಇಷ್ಟು). ಒಂಬತ್ತು ಅಥವಾ ಹನ್ನೆರಡು ತಿಂಗಳ ನಂತರ ತೆರೆದು ತಾಳೆ ನೋಡುವ ಈ ಅಭ್ಯಾಸವನ್ನು ಆಡಳಿತದ ಬಗ್ಗೆ ಬರೆದ ಚಿಂತಕ ಪೀಟರ್ ಡ್ರಕ್ಕರ್ ಬಹುಕಾಲ ಪಾಲಿಸಿದರು. ಫಲಿತಾಂಶ ಗೊತ್ತಾದಮೇಲೆ ಬರೆದರೆ ಪ್ರಯೋಜನವಿಲ್ಲ, ‘ನನಗೆ ಆಗಲೇ ಅನ್ನಿಸಿತ್ತು’ ಎಂದು ನೆನಪು ಸುಳ್ಳು ಹೇಳುತ್ತದೆ. ನೇಮಕಾತಿಯಲ್ಲಿ ಪದೇಪದೇ ಎಡವುತ್ತೇವೋ, ಗಡುವು ಅಂದಾಜಿಸುವುದರಲ್ಲೋ ಎಂಬುದು ಎಂಟು ಹತ್ತು ನಮೂದುಗಳಾದಮೇಲೆ ತಾನೇ ಕಾಣುತ್ತದೆ. ಮುಂದಿನ ಹನ್ನೆರಡು ವಾರದ ನಡವಳಿಕೆ ಅಲ್ಲಿಂದಲೇ ಸಿಗುತ್ತದೆ.

ಕಾರ್ಯಕ್ರಮ ಮುಗಿದಮೇಲೆ ಎರಡು ದಿನದೊಳಗೆ ಇಪ್ಪತ್ತು ನಿಮಿಷ ಕೂರಬೇಕು. ಅಮೆರಿಕದ ಸೇನೆಯ ತರಬೇತಿಯಿಂದ ಬಂದ ನಾಲ್ಕು ಪ್ರಶ್ನೆ ಸಾಕು: ಏನಾಗಬೇಕಿತ್ತು, ಏನಾಯಿತು, ಯಾಕೆ ವ್ಯತ್ಯಾಸ, ಮುಂದಿನ ಸಲ ಏನು ಬದಲಾವಣೆ. ಮುಖ್ಯಸ್ಥರು ತಮ್ಮದೊಂದು ತಪ್ಪನ್ನು ಮೊದಲು ಒಪ್ಪಿಕೊಂಡು, ಮಿಕ್ಕಿದ್ದಕ್ಕೆಲ್ಲ ಕೊನೆಯಲ್ಲಿ ಮಾತಾಡಬೇಕು. ಆಸ್ಪತ್ರೆಯ ತಂಡಗಳನ್ನು ನೋಡಿದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1996ರಲ್ಲಿ ಬರೆದ ವಿಚಿತ್ರ ಸಂಗತಿ ಇದು: ಒಳ್ಳೆಯ ಮುಖ್ಯಸ್ಥರಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಹೆದರಿಕೆ ಕಡಿಮೆ ಇತ್ತು ಎಂಬ ತೀರ್ಮಾನಕ್ಕೆ ಅವರು ಬಂದರು. ‘ನಮ್ಮಲ್ಲಿ ಯಾವ ಸಮಸ್ಯೆಯೂ ಇಲ್ಲ’ ಎನ್ನುವ ವರದಿ ಬಂದರೆ ಸ್ವಲ್ಪ ಕಿವಿ ನೆಟ್ಟಗೆ ಮಾಡಿಕೊಳ್ಳಿ.

ಐವತ್ತರ ಆಸುಪಾಸಿನವರಿಗೆ ಒಂದು ಪರೀಕ್ಷೆ. ಎರಡು ವಾರ ರಜೆ ಹಾಕಿ, ಫೋನ್ ತೆಗೆಯಬೇಡಿ. ವಾಪಸು ಬಂದಾಗ ನಿಮಗಾಗಿ ಕಾದು ನಿಂತಿರುವ ತೀರ್ಮಾನಗಳ ಪಟ್ಟಿ ಮಾಡಿ. ನೀವು ಇನ್ನೂ ಯಾರಿಗೂ ಕಲಿಸದೇ ಇಟ್ಟುಕೊಂಡಿರುವುದು ಅದೇ.

ಇದನ್ನೆಲ್ಲ ಅಭ್ಯಾಸ ಮಾಡಲು ಸಂಘದಂಥ ಗರಡಿ ಇನ್ನೊಂದಿಲ್ಲ. ಇಲ್ಲಿ ಸಂಬಳವಿಲ್ಲ, ಬಡ್ತಿಯಿಲ್ಲ, ಯಾರನ್ನೂ ತೆಗೆದುಹಾಕುವ ಹಾಗೂ ಇಲ್ಲ. ಕೇಳಿ, ಒಪ್ಪಿಸಿ, ನೆನಪಿಸಿ, ಮತ್ತೆ ನೆನಪಿಸಿ ಕೆಲಸ ಮಾಡಿಸಬೇಕು. ಖಜಾಂಚಿಯಾದವರು ಸ್ನೇಹ ಕೆಡಿಸಿಕೊಳ್ಳದೆ ‘ಆಗಲ್ಲ’ ಎನ್ನುವುದನ್ನು ಕಲಿಯುತ್ತಾರೆ. ಕಾರ್ಯದರ್ಶಿಯಾದವರು ನಡಾವಳಿಯಲ್ಲಿ ಪ್ರತಿ ತೀರ್ಮಾನದ ಮುಂದೆ ಒಬ್ಬರ ಹೆಸರು, ಒಂದು ತಾರೀಖು ಬರೆಯುವುದನ್ನು ಕಲಿಯುತ್ತಾರೆ. ಇಬ್ಬರ ಹೆಸರು ಬರೆದರೆ ಯಾರೂ ಮಾಡುವುದಿಲ್ಲ ಎಂಬುದು ಎರಡನೇ ಸಭೆಯಲ್ಲೇ ಗೊತ್ತಾಗುತ್ತದೆ.

ಜಾಗ ಮುಗಿಯುತ್ತಿದೆ, ಸೂಚನೆಗಳು ಒಟ್ಟಿಗೇ: ಸರ್ವಸದಸ್ಯರ ಸಭೆಯ ದಿನಾಂಕ ಒಳಪುಟದಲ್ಲಿದೆ. ಮಕ್ಕಳ ಕನ್ನಡ ತರಗತಿ ರಜೆಯ ನಂತರ ಹಳೆಯ ಸಮಯಕ್ಕೇ ಶುರು. ವಾರ್ಷಿಕೋತ್ಸವಕ್ಕೆ ಹೆಸರು ಕೊಟ್ಟವರು ಹಾಡಿನ ಫೈಲನ್ನು ದಯವಿಟ್ಟು ಹಿಂದಿನ ರಾತ್ರಿ ಕಳಿಸಬೇಡಿ. ಸದಸ್ಯತ್ವ ನವೀಕರಣ ಬಾಕಿ ಇರುವವರಿಗೆ ಇದು ಮೂರನೇ ಜ್ಞಾಪನೆ.

ಮುಂದಿನ ಸಮಿತಿಗೆ ಖಜಾಂಚಿ ಬೇಕು, ಜೊತೆ ಕಾರ್ಯದರ್ಶಿ ಬೇಕು. ಈ ಪತ್ರಿಕೆಗೆ ಸಂಪಾದಕರೂ ಬೇಕು, ಎರಡು ಸಂಚಿಕೆ ಜೊತೆಗೆ ಕೂತು ಕಲಿಸಿಕೊಡಲಾಗುವುದು. ಕನ್ನಡ ಟೈಪಿಂಗ್ ಬಂದರೆ ಒಳ್ಳೆಯದು, ಬರದಿದ್ದರೂ ಬನ್ನಿ. ಸಮಾರಂಭದ ಬೆಳಗ್ಗೆ ಎಂಟು ಗಂಟೆಗೆ ಕುರ್ಚಿ ಜೋಡಿಸಲು ಆರು ಜನ ಬೇಕು. ಅಧ್ಯಕ್ಷರು ಈ ಸಲ ಕುರ್ಚಿ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ.